ಆರು ಹೆಂಗಸರು, ಎರಡು ದೋಣಿ, ಒಂದು ಹಳೆ ಸೀರೆ

ಗೌರಿ ಹಬ್ಬ ಬಂತೆಂದರೆ ನಮ್ಮ ಶನಿವಾರಸಂತೆ, ಸೋಮವಾರಪೇಟೆ ಕಡೆಯ ಹೆಂಗಸರಿಗೆ ಹೊನ್ನಮ್ಮನ ಕೆರೆ ನೆನಪಾಗುತ್ತದೆ. ದೊಡ್ಡಮಳ್ತೆಯ ಆ ಕೆರೆಯನ್ನು ನೀವು ನೋಡಿಲ್ಲವಾದರೆ ಒಮ್ಮೆ ಬನ್ನಿ. ಸುತ್ತ ಗುಡ್ಡ, ಗುಡ್ಡದ ಮೈಮೇಲೆ ಕಾಫಿ ತೋಟ, ನಡುವೆ ಬೋಗುಣಿಯಲ್ಲಿ ತುಂಬಿಟ್ಟ ಹಾಗೆ ನೀರು. ಹಬ್ಬದಲ್ಲಿ ಕೆರೆಗೆ ಬಾಗಿನ ಕೊಟ್ಟು, ಕೈಮುಗಿದು, ಅರಿಸಿನ ಕುಂಕುಮ ಹಂಚಿಕೊಂಡು ಮನೆಗೆ ಬರುತ್ತೇವೆ. ಕೆರೆ ಅಗೆದರೂ ನೀರು ಬರಲಿಲ್ಲವಂತೆ, ಊರಿಗೋಸ್ಕರ ಹೊನ್ನಮ್ಮ ತನ್ನನ್ನೇ ಕೊಟ್ಟುಕೊಂಡಳಂತೆ, ಕೆರೆ ತುಂಬಿತಂತೆ. ಈ ಕಥೆ ನಿಮ್ಮೂರಲ್ಲೂ ಬೇರೆ ಹೆಸರಿನಲ್ಲಿ ಇದ್ದೀತು. ‘ಕೆರೆಗೆ ಹಾರ’ದ ಭಾಗೀರಥಿಯೂ ಒಬ್ಬ ಕಿರಿ ಸೊಸೆಯೇ ಅಲ್ಲವೇ?

ನಾನು ಈ ಊರಿಗೆ ಸೊಸೆಯಾಗಿ ಬಂದು ಮೂವತ್ತೊಂದು ವರ್ಷವಾಯಿತು. ಇಷ್ಟು ವರ್ಷವೂ ಆ ಕೆರೆಯ ದಡದಲ್ಲಿ ನಿಂತಿದ್ದೇನೆಯೇ ಹೊರತು ಪಾದ ನೆನೆಯುವುದಕ್ಕಿಂತ ಆಚೆ ಇಳಿದವಳಲ್ಲ. ತವರಿನಲ್ಲೂ ಅಷ್ಟೆ. ಮನೆಯ ಹಿಂದೆಯೇ ಕೆರೆ. ಅಣ್ಣಂದಿರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತರು. ನಾನು ದಡದಲ್ಲಿ ಕೂತು ಅವರ ಬಟ್ಟೆ ಕಾಯುತ್ತಿದ್ದೆ. “ಹೆಣ್ಣುಮಗೂಗೆ ಯಾಕೆ ಈಜು?” ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಯಾರೂ ಕೇಳಿದ್ದರೆ ತಾನೆ!

ಈ ಲೇಖನದಲ್ಲಿ ನಾನು ಹೇಳಹೊರಟದ್ದು ದೋಣಿ ವಿಹಾರದ ವಿಷಯ. ಆದರೆ ಅದಕ್ಕೂ ಮೊದಲು ನನ್ನ ಓರಗಿತ್ತಿಯ ವಿಷಯ ಹೇಳಬೇಕು. ನನಗಿಂತ ದೊಡ್ಡವರು, ನಾನು ಅಕ್ಕ ಎನ್ನುತ್ತೇನೆ. ಹತ್ತು ವರ್ಷದ ಹಿಂದೆ ನಮ್ಮ ತೋಟದಾಚೆಯ ಕೆರೆಯಲ್ಲಿ ಬಟ್ಟೆ ಒಗೆಯುವಾಗ ಪಾಚಿ ಕಟ್ಟಿದ ಕಲ್ಲಿನ ಮೇಲಿಂದ ಒಬ್ಬ ಹುಡುಗಿ ಜಾರಿದಳು. ಹದಿನಾರರ ಹುಡುಗಿ. ದಡದಲ್ಲಿ ಮೂವರು ಹೆಂಗಸರಿದ್ದರು. ಮೂವರಿಗೂ ಈಜು ಬಾರದು. ಕೂಗಿಕೊಂಡರು, ಗದ್ದೆಯಿಂದ ಗಂಡಸರು ಓಡಿ ಬಂದರು, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಮೂವರಲ್ಲಿ ಅಕ್ಕನೂ ಒಬ್ಬರು. ಕೈಗೆ ಎಟುಕುವಷ್ಟು ದೂರದಲ್ಲಿದ್ದಳು ಎಂದು ಈಗಲೂ ಹೇಳುತ್ತಾರೆ. ಆಮೇಲೆ ಅವರು ಯಾವ ಕೆರೆಯ ಹತ್ತಿರವೂ ಹೋಗಲಿಲ್ಲ, ಗೌರಿ ಹಬ್ಬಕ್ಕೂ ಕೂಡ.

ಇನ್ನು ಪ್ರವಾಸದ ಮಾತು. ನಮ್ಮ ಉಳಿತಾಯದ ಸಂಘದವರು ವರ್ಷಕ್ಕೊಮ್ಮೆ ಎಲ್ಲಿಗಾದರೂ ಹೋಗಿಬರುತ್ತೇವೆ. ಧರ್ಮಸ್ಥಳ, ಶೃಂಗೇರಿ, ಹೊರನಾಡು ಎಲ್ಲ ಆಗಿತ್ತು. ಸಿಗಂದೂರಿನ ಚೌಡೇಶ್ವರಿಗೂ ಹೋಗಿದ್ದೆವು. ಹಿನ್ನೀರು ದಾಟಲು ಆಗ ಲಾಂಚ್ ಇತ್ತು. ಬಸ್ಸು, ಕಾರು, ಜನ ಎಲ್ಲವನ್ನೂ ಹೊತ್ತುಕೊಂಡು ಅದು ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಹೋಗುತ್ತಿತ್ತು. (2025ರ ಜುಲೈ 14ರಂದು ಅಲ್ಲಿ ದೊಡ್ಡ ತೂಗುಸೇತುವೆ ಉದ್ಘಾಟನೆಯಾಯಿತು. ಈಗ ಬಸ್ಸಿನಲ್ಲಿ ಕೂತೇ ದಾಟಬಹುದು. ಅನುಕೂಲವೇನೋ ಆಯಿತು, ಆದರೆ ಲಾಂಚಿನ ಕಂಬಿ ಹಿಡಿದು ನಿಂತ ಆ ಹತ್ತು ನಿಮಿಷ ಇನ್ನಿಲ್ಲ.) ಆ ಲಾಂಚಿನ ಮೇಲೆ ನಿಂತಾಗಲೇ ನಮ್ಮಲ್ಲೊಬ್ಬರು, “ಇದೇ ನೀರಿನಾಗೆ ಚಿಕ್ಕ ದೋಣೀಲಿ ಹೋಗೋ ಹಂಗಿದ್ರೆ ಎಷ್ಟು ಚೆಂದ ಅಲ್ವಾ!” ಅಂದಿದ್ದರು. ಅದು ಮನಸ್ಸಿನಲ್ಲಿ ಉಳಿಯಿತು. ನಮ್ಮ ಮಗಳು ಕಾಲೇಜಿನ ಗೆಳತಿಯರ ಜೊತೆ ಹೊನ್ನೆಮರಡಿಗೆ ಹೋಗಿ ಬಂದು ಫೋಟೋ ತೋರಿಸಿದಾಗ ಆ ಮಾತು ಮತ್ತೆ ಎದ್ದಿತು.

ಹೊನ್ನೆಮರಡು ಸಾಗರ ತಾಲೂಕಿನಲ್ಲಿದೆ, ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ. ಜೋಗಕ್ಕೂ ಅಲ್ಲಿಗೂ ದೂರವೇನಿಲ್ಲ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಗೆ 1964ರಲ್ಲಿ ಈ ಅಣೆಕಟ್ಟು ಸಿದ್ಧವಾಯಿತು. ಪೂರ್ತಿ ತುಂಬಿದರೆ ಸಮುದ್ರಮಟ್ಟದಿಂದ 1819 ಅಡಿ. ಹಾಗಾಗಿ ಇದು ಬಯಲಿನ ಕೆರೆಯಲ್ಲ. ಮಲೆಗಳ ಸಂದುಗೊಂದಿಗೆಲ್ಲ ನುಗ್ಗಿ ನಿಂತ ನೀರು. ಗುಡ್ಡದ ತಲೆಗಳೆಲ್ಲ ದ್ವೀಪಗಳಾಗಿವೆ.

ಆ ಅಂದವನ್ನು ನೋಡುವಾಗ ಅದರ ಕೆಳಗಿರುವುದನ್ನೂ ನೆನೆಯಬೇಕು. ಅಡಿಕೆ ತೋಟ, ಮನೆ, ತುಳಸಿಕಟ್ಟೆ, ದೇವಸ್ಥಾನ ಎಲ್ಲ ಮುಳುಗಿ ಎಷ್ಟೋ ಊರಿನವರು ಗಂಟುಮೂಟೆ ಕಟ್ಟಿದರು. ಬೇಸಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಈಗಲೂ ಮೇಲೆ ಕಾಣಿಸುತ್ತದೆ. ಒಂದು ಅಣೆಕಟ್ಟನ್ನೇ ಇನ್ನೊಂದು ಅಣೆಕಟ್ಟು ನುಂಗಿದೆ! ಸಾಗರದ ನಾ. ಡಿಸೋಜರು ಈ ಮುಳುಗಡೆಯ ಬದುಕನ್ನು ಬರೆದರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಸಿನಿಮಾ ಮಾಡಿದ್ದನ್ನು ನೀವು ನೋಡಿರಬಹುದು. ಏರುವ ನೀರಿನಲ್ಲಿ ಮನೆ ಉಳಿಸಿಕೊಳ್ಳಲು ಹೆಣಗುವವಳು ನಾಗಿ, ನಮ್ಮ ಸೌಂದರ್ಯ. ಕೊನೆಗೆ ಗಂಡ ಅದೆಲ್ಲ ದೇವರ ದಯೆ ಎಂದುಬಿಡುತ್ತಾನೆ. ಆ ಮಾತಿಗೆ ನಾಗಿಯ ಮುಖ ಹೇಗಾಗುತ್ತದೆಂದು ನೋಡಿದವರಿಗೆ ಮರೆಯದು.

ಇರಲಿ. ಹೋಗುವುದೆಂದು ಆರು ಜನ ಗಟ್ಟಿಮಾಡಿದೆವು. ಸಂಘದಲ್ಲಿ ಇಪ್ಪತ್ತು ಜನ ಇದ್ದರೂ ಆರೇ ಜನ ಸಾಕು ಅಂದದ್ದು ಬೇಕೆಂದೇ. ದೋಣಿಯ ವಿಷಯದಲ್ಲಿ ಬಸ್ಸು ತುಂಬ ಜನ ಬೇಡಿ, ದಯವಿಟ್ಟು. ಆರು ಜನರಿದ್ದರೆ ಯಾರು ಹೆದರಿದ್ದಾರೆ, ಯಾರು ಸುಮ್ಮನೆ ನಗುತ್ತಿದ್ದಾರೆ ಎಂದು ಮುಖ ನೋಡಿದರೇ ತಿಳಿಯುತ್ತದೆ. ಕಲಿಸುವವರಿಗೂ ಕೂಗಾಡದೆ ಹೇಳಿಕೊಡಲು ಆಗುತ್ತದೆ.

ಆರನೆಯವರು ಅಕ್ಕ. ಬರುತ್ತೇನೆಂದು ಅವರೇ ಹೇಳಿದರು. “ದಡದಾಗೆ ಕೂತ್ಕೊಂಡು ಅಡುಗೆ ನೋಡ್ಕೋತೀನಿ, ನೀವು ಹೋಗ್ರವ್ವ” ಅಂದರು. ಮನೆಯಲ್ಲಿ ಅತ್ತೆಯವರಿಗೆ ಎಂಬತ್ತನಾಲ್ಕು. ವಿಷಯ ಕೇಳಿ ಒಂದು ನಿಮಿಷ ಸುಮ್ಮನಿದ್ದು, “ಈ ವಯಸ್ಸಿಗೆ ನಿಮಗೆ ದೋಣಿ ಬ್ಯಾರೆ ಕೇಡು” ಅಂದರು. ಬೇಡ ಅನ್ನಲಿಲ್ಲ. ನಮ್ಮ ಯಜಮಾನರು ಮಾತ್ರ, “ವಿಮೆ ಮಾಡಿಸಿದೀಯಾ?” ಎಂದು ತಮಾಷೆ ಮಾಡಿದರು. ಎಲ್ಲರ ಮನೆಯಲ್ಲೂ ಇಂಥ ಒಂದು ತಮಾಷೆ ಇದ್ದೇ ಇರುತ್ತದೆ, ಬಿಡಿ.

ನಾವು ಹೊರಟದ್ದು ನವೆಂಬರಿನ ಕೊನೆಯಲ್ಲಿ. ಮಳೆ ನಿಂತಿರುತ್ತದೆ, ಹಿನ್ನೀರು ತುಂಬಿರುತ್ತದೆ, ಕಾಫಿ ಕೊಯ್ಲು ಇನ್ನೂ ಜೋರಾಗಿರುವುದಿಲ್ಲ. ನಮ್ಮ ಕಡೆಯವರಿಗೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಬೆಳಗಿನ ಜಾವ ಶನಿವಾರಸಂತೆ ಬಿಟ್ಟು ಕೊಡ್ಲಿಪೇಟೆ, ಸಕಲೇಶಪುರ, ಬೇಲೂರು, ಚಿಕ್ಕಮಗಳೂರು, ತರೀಕೆರೆ, ಶಿವಮೊಗ್ಗ ದಾಟಿ ಸಾಗರ ಸೇರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಬುತ್ತಿಗೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ. ರೊಟ್ಟಿಯ ಹಿಟ್ಟನ್ನು ಬಿಸಿನೀರಿನ ಬದಲು ಮೆತ್ತಗೆ ಬೆಂದ ಅನ್ನದ ಜೊತೆ ನಾದಿದರೆ ಸಂಜೆಯವರೆಗೂ ಬಿರುಸಾಗುವುದಿಲ್ಲ. ಉಪ್ಪಿನಕಾಯಿ ಎಣ್ಣೆ ಸೋರುತ್ತದೆಂದು ಬಿಟ್ಟೆವು. ಅಲ್ಲಿ ಇಳಿದುಕೊಳ್ಳುವ ವ್ಯವಸ್ಥೆ ಸರಳ. ಹೋಟೆಲಿನ ಸುಖ ಹುಡುಕಿ ಹೋಗುವವರಿಗೆ ಅದು ಜಾಗವಲ್ಲ. ಮೊದಲೇ ವಿಚಾರಿಸಿ, ಎಷ್ಟು ಜನ, ಎಷ್ಟು ದಿನ ಎಂದು ತಿಳಿಸಿ ಹೋಗಬೇಕು.

ಮೊದಲ ಪಾಠ ದೋಣಿಯದಲ್ಲ, ಲೈಫ್ ಜಾಕೆಟ್ಟಿನದು. ಇದನ್ನು ಸ್ವಲ್ಪ ಗಮನವಿಟ್ಟು ಓದಿ. ನಾವೆಲ್ಲ ಪ್ರವಾಸಕ್ಕೆ ಹೋದಾಗ ಆ ಕಿತ್ತಳೆ ಬಣ್ಣದ ಜಾಕೆಟ್ಟನ್ನು ಹೆಗಲಿಗೆ ಸುಮ್ಮನೆ ನೇತುಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತೇವೆ. ಅದು ಹಾಕಿಕೊಂಡ ಹಾಗಲ್ಲ. ಎಲ್ಲ ಪಟ್ಟಿಗಳನ್ನೂ ಬಿಗಿದ ಮೇಲೆ ಇನ್ನೊಬ್ಬರು ಅದರ ಹೆಗಲು ಹಿಡಿದು ಮೇಲಕ್ಕೆ ಎಳೆದು ನೋಡಬೇಕು. ಜಾಕೆಟ್ಟು ಕಿವಿಯವರೆಗೆ ಏರಿದರೆ ಸಡಿಲ ಎಂದರ್ಥ. ನೀರಿನಲ್ಲೂ ಅದು ಹಾಗೇ ಮೇಲೇರುತ್ತದೆ, ನೀವು ಕೆಳಗೆ ಜಾರುತ್ತೀರಿ. ನಮ್ಮಂಥ ಸ್ವಲ್ಪ ಮೈಕೈ ತುಂಬಿದವರು ಸಂಕೋಚಪಟ್ಟು ಚಿಕ್ಕದನ್ನೇ ಹೇಗೋ ತೂರಿಸಿಕೊಳ್ಳುವುದುಂಟು. ಬೇಡಿ. ದೊಡ್ಡ ಅಳತೆಯದನ್ನು ಕೇಳಿ ಪಡೆಯಿರಿ.

ಸೀರೆ ಉಟ್ಟು ದೋಣಿ ಹತ್ತಬೇಡಿ. ಸೀರೆಯ ಮೇಲೆ ನನಗೇನೂ ದ್ವೇಷವಿಲ್ಲ, ಮನೆಯಲ್ಲಿ ನಾನು ಉಡುವುದು ಅದನ್ನೇ. ಆದರೆ ಆರು ಗಜ ಬಟ್ಟೆ ಒದ್ದೆಯಾದರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಕಾಲು ಬಡಿಯಲು ಬಿಡುವುದಿಲ್ಲ. ನಾವು ಐವರು ಮಕ್ಕಳ ಚೂಡಿದಾರ್ ಹಾಕಿಕೊಂಡೆವು, ದುಪಟ್ಟಾ ಚೀಲದಲ್ಲೇ ಉಳಿಯಿತು. ಉಂಗುರವನ್ನು ಮನೆಯಲ್ಲೇ ಬಿಚ್ಚಿಡಿ. ತಣ್ಣೀರಿನಲ್ಲಿ ಬೆರಳು ಸಣ್ಣದಾಗಿ ಉಂಗುರ ತಾನಾಗಿ ಜಾರುತ್ತದೆ. ಕನ್ನಡಕಕ್ಕೆ ಹಿಂದಿನಿಂದ ಒಂದು ದಾರ ಕಟ್ಟಿ. ಬಿ.ಪಿ., ಸಕ್ಕರೆ ಮಾತ್ರೆಯವರು ಹೊತ್ತಿಗೆ ಸರಿಯಾಗಿ ತಿಂದು, ಮಾತ್ರೆ ನುಂಗಿಯೇ ಇಳಿಯಿರಿ. ಮತ್ತೆ ಆ ಇನ್ನೊಂದು ತೊಂದರೆ, ನಾವು ಹೆಂಗಸರು ಬಾಯಿಬಿಟ್ಟು ಕೇಳದೆ ನೀರೇ ಕುಡಿಯದೆ ಕೂರುವುದು. ಹಾಗೆ ಮಾಡಿದರೆ ಬಿಸಿಲಿಗೆ ತಲೆ ಸುತ್ತುತ್ತದೆ. ಹೊರಡುವ ಮೊದಲು ಎಲ್ಲಿ ಹೋಗಬಹುದೆಂದು ನೇರವಾಗಿ ಕೇಳಿ. ನಾಚಿಕೆ ಪಡುವ ವಿಷಯವಲ್ಲ.

ಎರಡನೆಯ ಪಾಠ, ಕೂರುವುದು. ಉದ್ದನೆಯ ಕಿರಿದಾದ ದೋಣಿಯಲ್ಲಿ ಮೈಭಾರ ಕೆಳಗಿದ್ದಷ್ಟೂ ಕ್ಷೇಮ. ಎದ್ದು ನಿಂತರೆ, ಅಥವಾ ಎಲ್ಲರೂ ಏನನ್ನೋ ನೋಡಲು ಒಂದೇ ಕಡೆ ಬಾಗಿದರೆ ದೋಣಿ ಮಗುಚುತ್ತದೆ. ಇದು ಸಣ್ಣ ದೋಣಿಯ ಮಾತಷ್ಟೇ ಅಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯ ಸರೋವರದಲ್ಲಿ ಎರಡಂತಸ್ತಿನ ದೋಣಿ ಮುಳುಗಿ 45 ಜನ ಸತ್ತರು. ಕಾಡುಪ್ರಾಣಿ ನೋಡಲು ಜನ ಒಂದೇ ಬದಿಗೆ ಸರಿದಿದ್ದರು. ನಮ್ಮ ಕಾರವಾರದಲ್ಲೇ 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆ ಮುಗಿಸಿ ಬರುವಾಗ ದೋಣಿ ಮಗುಚಿ 16 ಜನ ಹೋದರು. ಇದನ್ನು ಹೇಳಿ ನಿಮ್ಮನ್ನು ಹೆದರಿಸುತ್ತಿಲ್ಲ. ದೋಣಿ ಹತ್ತುವ ಮೊದಲು ತಲೆ ಎಣಿಸಿ, ಜಾಕೆಟ್ಟು ಎಣಿಸಿ, ಎರಡಕ್ಕೂ ತಾಳೆಯಾಗದಿದ್ದರೆ ಇಳಿದುಬಿಡಿ. ಕೊಟ್ಟ ದುಡ್ಡು ಹೋದರೆ ಹೋಗಲಿ.

ಮೊದಲ ದಿನ ಹರಿಗೋಲು. ಬುಟ್ಟಿಯ ಹಾಗೆ ದುಂಡಗಿರುವ ಅದಕ್ಕೆ ಮುಂದು ಯಾವುದು ಹಿಂದು ಯಾವುದು! ನಾನು ಹುಟ್ಟು ಹಾಕಿದಷ್ಟೂ ಅದು ರಾಗಿಕಲ್ಲಿನ ಹಾಗೆ ನಿಂತಲ್ಲೇ ಸುತ್ತಿತು. ಪಕ್ಕದಲ್ಲಿ ಹಾಕಬಾರದು, ಮುಂದೆ ಬಾಗಿ ನೀರನ್ನು ನಮ್ಮ ಕಡೆ ಎಳೆದುಕೊಳ್ಳಬೇಕು ಎಂದು ಕಲಿಸುವ ಹುಡುಗ ತೋರಿಸಿದ. ಮುದ್ದೆ ತಿರುವಿದ ತೋಳು ನಮ್ಮದು, ಉಪಾಯ ತಿಳಿದ ಮೇಲೆ ಅರ್ಧ ಗಂಟೆಯಲ್ಲಿ ಹತೋಟಿಗೆ ಬಂತು. “ಅಮ್ಮಾ, ನಿಮ್ಮಷ್ಟು ಬೇಗ ಕಾಲೇಜು ಹುಡುಗ್ರು ಕಲಿಯಲ್ಲ” ಎಂದ. ಬೆಣ್ಣೆ ಹಚ್ಚಿದನೋ ಏನೋ, ನಮಗಂತೂ ಸಂತೋಷವಾಯಿತು.

ಅಕ್ಕ ದಡದಲ್ಲಿ ಚಾಪೆ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ನಮ್ಮ ಕಡೆ ನೋಡುತ್ತಿರಲಿಲ್ಲ.

ಆ ಸಂಜೆ ನೀರಿಗೆ ಬೀಳುವುದನ್ನು ಕಲಿಸಿದರು. ಹೌದು, ಬೀಳುವುದನ್ನೇ! ಎದೆಮಟ್ಟದ ನೀರಿನಲ್ಲಿ ಜಾಕೆಟ್ಟು ಹಾಕಿಕೊಂಡು ಹಿಂದಕ್ಕೆ ಒರಗಬೇಕು. ತಲೆ ಎತ್ತಲು ಒದ್ದಾಡದೆ ಕಿವಿಯವರೆಗೆ ನೀರಿಗೆ ಬಿಟ್ಟುಕೊಟ್ಟರೆ ಮೈ ತಾನೇ ತೇಲುತ್ತದೆ. ದೋಣಿ ಮಗುಚಿದರೆ ದಡದತ್ತ ಈಜಲು ಹೋಗದೆ ದೋಣಿಯನ್ನೇ ಹಿಡಿದುಕೊಂಡಿರಬೇಕು, ಏಕೆಂದರೆ ಮಗುಚಿದ ದೋಣಿಯೂ ತೇಲುತ್ತದೆ, ದೂರದಿಂದ ಕಾಣುತ್ತದೆ. ಇನ್ನೊಬ್ಬರು ಮುಳುಗುತ್ತಿದ್ದರೆ ಈಜು ಬಾರದವರು ನೀರಿಗೆ ಹಾರಬಾರದು. ದಡದಲ್ಲಿ ಮಲಗಿ ಕೋಲು, ಹಗ್ಗ, ಕೊನೆಗೆ ಗಂಟು ಹಾಕಿದ ಸೀರೆಯನ್ನಾದರೂ ಎಸೆಯಬೇಕು, ಅವರು ಹಿಡಿದ ಮೇಲೆ ಎಳೆಯಬೇಕು.

ಇದನ್ನು ಹೇಳುವಾಗ ಅಕ್ಕ ಅವರೆಕಾಯಿ ಬಿಟ್ಟು ಎದ್ದು ಬಂದಿದ್ದರು. “ಸೀರೆನಾ?” ಅಂದರು. ಹುಡುಗ ಹೌದಮ್ಮ ಎಂದ. “ಅವತ್ತು ಒಗೆಯೋಕೆ ತಂದ ಸೀರೆ ಆರು ಇದ್ವು” ಅಂದರು ಅಕ್ಕ. ಹುಡುಗನಿಗೆ ಅರ್ಥವಾಗಲಿಲ್ಲ. ನಮಗೆ ಯಾರಿಗೂ ಮಾತು ಹೊರಡಲಿಲ್ಲ.

ಮಾರನೆಯ ದಿನ ಅವರು ನನ್ನ ಮಗಳ ಇನ್ನೊಂದು ಚೂಡಿದಾರ್ ಕೇಳಿದರು. ಎದೆಮಟ್ಟದ ನೀರಿಗೆ ಇಳಿಯಲು ಅವರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಕಲಿಸುವ ಹುಡುಗನಿಗೆ ನನ್ನ ನಮಸ್ಕಾರ, ಒಂದು ಸಲವೂ ಅವಸರ ಮಾಡಲಿಲ್ಲ. ಕತ್ತಿನ ಕೆಳಗೆ ಅವನ ಅಂಗೈ, ಪಕ್ಕದಲ್ಲಿ ನಾನು. ಯಾವಾಗ ಅವನು ಕೈ ತೆಗೆದನೋ ಅಕ್ಕನಿಗೆ ತಿಳಿಯಲೇ ಇಲ್ಲ. ಆಕಾಶ ನೋಡುತ್ತ ತೇಲುತ್ತಿದ್ದರು. ಕಣ್ಣಿನಿಂದ ನೀರು ಹರಿಯುತ್ತಿತ್ತು, ಹಿನ್ನೀರಿಗೆ ಅದೇನು ಲೆಕ್ಕ.

ಹಾಯಿಯ ಕಥೆ ಆ ದಿನ ಮಧ್ಯಾಹ್ನದ್ದು. ನಡುವಿನ ದ್ವೀಪದವರೆಗೆ ಎರಡು ದೋಣಿಯಲ್ಲಿ ಹೋಗಿದ್ದೆವು. ದೋಣಿಗೆ ಮೂವರು ಹೆಂಗಸರು, ಒಬ್ಬೊಬ್ಬ ಕಲಿಸುವವರು. ಹೋಗುವಾಗ ಗಾಳಿ ಎದುರಿಗಿತ್ತು, ರಟ್ಟೆ ಸೋತುಹೋಯಿತು. ಬರುವಾಗ ಅದೇ ಗಾಳಿ ಬೆನ್ನಿಗೆ. ನಮ್ಮಲ್ಲೊಬ್ಬರು ಮೈ ಒರೆಸಲೆಂದು ಒಂದು ಹಳೆಯ ಹತ್ತಿ ಸೀರೆ ತಂದಿದ್ದರು. ಅದನ್ನು ನಾಲ್ಕು ಮಡಿಕೆ ಮಾಡಿ, ಎರಡು ಹುಟ್ಟುಗಳನ್ನು ನೆಟ್ಟಗೆ ಹಿಡಿದು ನಡುವೆ ಹರಡಿದರೆ ಅದೇ ಹಾಯಿ ಎಂದು ಆ ಹುಡುಗ ಹೇಳಿದ. ಒಂದೇ ಷರತ್ತು, ಬಟ್ಟೆಯನ್ನು ದೋಣಿಗಾಗಲಿ ಹುಟ್ಟಿಗಾಗಲಿ ಗಂಟು ಹಾಕಿ ಕಟ್ಟಬಾರದು, ಕೈಯಲ್ಲೇ ಹಿಡಿದಿರಬೇಕು. ಗುಡ್ಡಗಳ ನಡುವಿನ ನೀರಿನಲ್ಲಿ ಗಾಳಿಯನ್ನು ನಂಬಲಾಗದು. ಗುಡ್ಡದ ಮರೆಯಲ್ಲಿ ಎಲೆಯೂ ಅಲುಗುವುದಿಲ್ಲ, ಮರೆ ದಾಟಿದ ಕೂಡಲೆ ಸಂದಿನಿಂದ ಧುಮುಕಿ ಬರುತ್ತದೆ. ಆಗ ತಟ್ಟನೆ ಕೈಬಿಟ್ಟರೆ ಹಾಯಿ ಸಡಿಲವಾಗಿ ದೋಣಿ ನಿಲ್ಲುತ್ತದೆ. ಕಟ್ಟಿದ್ದರೆ ಬಟ್ಟೆಯ ಜೊತೆ ದೋಣಿಯೂ ಮಗುಚುತ್ತದೆ.

ನಾನೂ ಅಕ್ಕನೂ ಒಂದೊಂದು ತುದಿ ಹಿಡಿದೆವು. ಮೊದಲು ಸೀರೆ ಜೋತುಬಿದ್ದಿತ್ತು. ಆಮೇಲೆ ಹೊಟ್ಟೆ ಉಬ್ಬಿಸಿತು ನೋಡಿ! ಯಾರೂ ಹುಟ್ಟು ಹಾಕುತ್ತಿಲ್ಲ, ಎಂಜಿನ್ನಿನ ಸದ್ದಿಲ್ಲ, ದೋಣಿ ಮಾತ್ರ ನೀರನ್ನು ಸೀಳಿಕೊಂಡು ಹೋಗುತ್ತಿದೆ. ಇಡೀ ಜೀವಮಾನ ನಮ್ಮ ಸೀರೆ ಒಲೆಯಿಂದ ಪಾತ್ರೆ ಇಳಿಸಿದೆ, ಮಗುವಿನ ಮೂಗು ಒರೆಸಿದೆ, ತೊಟ್ಟಿಲಾಗಿದೆ. ನಮ್ಮನ್ನು ಹೊತ್ತುಕೊಂಡು ಎಲ್ಲಿಗಾದರೂ ಹೋದದ್ದು ಅದೇ ಮೊದಲು. ಒಮ್ಮೆ ಗಾಳಿ ಜೋರಾಗಿ ಬಂದಾಗ “ಬಿಡಿ!” ಎಂದು ಹುಡುಗ ಕೂಗುವ ಮೊದಲೇ ಅಕ್ಕ ಕೈಬಿಟ್ಟಿದ್ದರು. ಸೀರೆಯ ಒಂದು ತುದಿ ನೀರಿಗೆ ಬಿತ್ತು. ಅಷ್ಟೆ.

ನಿಜವಾದ ಹಾಯಿದೋಣಿ ಎದುರುಗಾಳಿಗೂ ಹೋಗುತ್ತದೆಯಂತೆ. ನೇರವಾಗಿ ಅಲ್ಲ, ಘಟ್ಟದ ರಸ್ತೆಯ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ. ಹಾಗೆ ಹಾಯಿ ನಂಬಿ ನಮ್ಮ ನೌಕಾಪಡೆಯ ಆರು ಹೆಣ್ಣುಮಕ್ಕಳು ‘ತಾರಿಣಿ’ ಎಂಬ ದೋಣಿಯಲ್ಲಿ 2017ರ ಸೆಪ್ಟೆಂಬರಿನಲ್ಲಿ ಗೋವೆಯಿಂದ ಹೊರಟು ಭೂಮಿಯನ್ನೇ ಸುತ್ತಿ 2018ರ ಮೇ 21ರಂದು ಮರಳಿದರು. ಅದೇ ದೋಣಿಯಲ್ಲಿ 2024ರ ಅಕ್ಟೋಬರಿನಿಂದ 2025ರ ಮೇವರೆಗೆ ದಿಲ್ನಾ, ರೂಪಾ ಎಂಬ ಇಬ್ಬರೇ ಅಧಿಕಾರಿಗಳು ಹೋಗಿ ಬಂದರು. ನಾವು ಹೋದದ್ದು ಒಂದು ದ್ವೀಪದಿಂದ ದಡದವರೆಗೆ, ಅಷ್ಟಕ್ಕೇ ಮೂರು ದಿನ ತೋಳು ನೋವು!

ಬಂದ ಮೇಲೆ ಅಕ್ಕ ಮಾಡಿದ ಮೊದಲ ಕೆಲಸ ಹೇಳುತ್ತೇನೆ. ಸಂಘದ ದುಡ್ಡಿನಲ್ಲಿ ಇಪ್ಪತ್ತು ಮೀಟರ್ ದಪ್ಪ ಹಗ್ಗ ಕೊಂಡು, ಒಂದು ತುದಿಗೆ ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನು ಕಟ್ಟಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಮರಕ್ಕೆ ತೂಗುಹಾಕಿಸಿದರು. ಎಸೆದರೆ ದೂರ ಹೋಗಲೆಂದು ಕ್ಯಾನಿನಲ್ಲಿ ಸ್ವಲ್ಪವೇ ನೀರು ತುಂಬಿದ್ದಾರೆ. ನಿಮ್ಮೂರ ಕೆರೆಗೂ ಒಂದು ಕಟ್ಟಿಸಿ, ಒಂದು ದಿನದ ಕೆಲಸ. ಬೇಸಗೆ ರಜೆಯಲ್ಲಿ ಮೊಮ್ಮಗಳನ್ನು ಈಜಿಗೆ ಸೇರಿಸಬೇಕೆಂದು ಮಗನ ಹತ್ತಿರ ಹಟ ಹಿಡಿದಿದ್ದಾರೆ. ಮಗ ನೋಡೋಣ ಅಂದಿದ್ದಾನೆ. ಅಕ್ಕ ಬಿಡುವ ಹಾಗೆ ಕಾಣುವುದಿಲ್ಲ.

ನಾವು ಮನೆ ತಲುಪಿದಾಗ ರಾತ್ರಿ ಹತ್ತಾಗಿತ್ತು. ಅತ್ತೆಯವರು ಮಲಗಿರಲಿಲ್ಲ. ಊಟ ಆಯ್ತಾ ಎಂದು ಕೇಳಿದರು, ಹಾದಿ ಹೆಂಗಿತ್ತು ಎಂದು ಕೇಳಿದರು. ಆಮೇಲೆ ಎಲೆಯಡಿಕೆ ಚೀಲ ಬಿಚ್ಚುತ್ತ, ನಮ್ಮ ಮುಖ ನೋಡದೆ, “ಒಳಗೆ ಇಳಿದ್ರೆ ನೀರು ಹೆಂಗಿರ್ತದೆ?” ಎಂದರು.

“ಮೇಲೆ ಬೆಚ್ಚಗಿರ್ತದೆ ಅತ್ತೆ, ಕಾಲ ಕೆಳಗೆ ತಣ್ಣಗೆ” ಅಂದರು ಅಕ್ಕ.